ಸುರಪುರದ ಗಾದಿ ಮತ್ತು ನಮ್ಮ ಕೇರಿ

ಹಾಸ್ಟೆಲಿನ ಗೆಳೆಯರೆ,

ನಮ್ಮ ಜಿಲ್ಲೆಯ ಒಂದು ಹಾಸ್ಟೆಲಿನಲ್ಲಿ ಈಚೆಗೆ ಹುಡುಗರು ಹೊಡೆದಾಡಿಕೊಂಡರು. ಅನ್ನದಲ್ಲಿ ಹುಳ ಬಂತೆಂದು ಅಲ್ಲ. ಸ್ಕಾಲರ್‌ಶಿಪ್ ಬರಲಿಲ್ಲವೆಂದು ಅಲ್ಲ. ಗೋಡೆಯ ಮೇಲೆ ಯಾರ ಪಟ ಇರಬೇಕು ಎಂಬುದಕ್ಕೆ. ನಾಯಕರ ಹುಡುಗರು ಸುರಪುರದ ರಾಜಾ ವೆಂಕಟಪ್ಪ ನಾಯಕನ ಪಟ ತಂದು ಅಂಬೇಡ್ಕರ್ ಪಟದ ಪಕ್ಕ ಮೊಳೆ ಹೊಡೆದರು. ನಮ್ಮ ಕೇರಿಯ ಹುಡುಗರು ಕಿತ್ತು ಹಾಕಿದರು. ತಟ್ಟೆಗಳು ಹಾರಿದವು. ಒಬ್ಬನ ಹುಬ್ಬು ಒಡೆದು ನಾಲ್ಕು ಹೊಲಿಗೆ ಬಿತ್ತು. ಮರುದಿನ ಬೆಳಿಗ್ಗೆ ಎರಡೂ ಗುಂಪಿನವರು ಒಂದೇ ಸಾಲಿನಲ್ಲಿ ನಿಂತು ಅದೇ ನೀರು ಸಾರು ಹಾಕಿಸಿಕೊಂಡರು.

ರಾಜಿ ಮಾಡಿಸಲು ಹೋದವರಲ್ಲಿ ನಾನೂ ಒಬ್ಬ. ಪಟ ತಂದವನನ್ನು ಕೇಳಿದೆ: "ತಮ್ಮಾ, ಈ ರಾಜ ಯಾವಾಗ ಇದ್ದ? ಏನು ಮಾಡಿದ?" "ನಮ್ಮ ರಾಜ ಅಣ್ಣ, ಬ್ರಿಟಿಷರ ಕೂಡ ಹೊಡದಾಡ್ಯಾನ" ಅಂದ. ಮುಂದೆ ಮಾತಿಲ್ಲ. ಪಟ ಕಿತ್ತವನನ್ನು ಕೇಳಿದೆ. "ರಾಜ ಗೀಜ ನಮಗ್ಯಾಕಣ್ಣ, ಅವರ ರಾಜನ್ನ ಅವರೇ ಇಟಗೊಳ್ಳಲಿ" ಅಂದ. ಅವನಿಗೂ ಮುಂದೆ ಮಾತಿಲ್ಲ. ಒಬ್ಬನಿಗೆ ಗೊತ್ತಿಲ್ಲದ ರಾಜನ ಮೇಲೆ ಪ್ರೀತಿ. ಇನ್ನೊಬ್ಬನಿಗೆ ಗೊತ್ತಿಲ್ಲದ ರಾಜನ ಮೇಲೆ ಸಿಟ್ಟು. ಹುಬ್ಬು ಮಾತ್ರ ನಿಜವಾಗಿ ಒಡೆದಿತ್ತು.

ಇವರನ್ನೇ ಬಯ್ದು ಏನು ಉಪಯೋಗ? ನಾನು ಬಿ.ಎ.ಯಲ್ಲಿ ಚರಿತ್ರೆ ಓದಿದವನು. ಮೈಸೂರಿನ ಒಡೆಯರು ಎಷ್ಟು ಮಂದಿ, ಯಾರ ನಂತರ ಯಾರು ಎಂದು ಬಾಯಿಪಾಠ ಮಾಡಿ ಪಾಸಾದೆ. ಕೃಷ್ಣೆಯ ಆಚೆ ದಂಡೆಯ ಸುರಪುರದ ಬಗ್ಗೆ ನನಗೆ ಯಾರೂ ಒಂದು ಪುಟ ಪಾಠ ಮಾಡಲಿಲ್ಲ. ನಮ್ಮ ನೆಲದ ಚರಿತ್ರೆ ನಮಗೆ ಬರುವುದು ಎರಡೇ ದಾರಿಯಲ್ಲಿ. ಒಂದು, ಜಯಂತಿಯ ಮೈಕು. ಇನ್ನೊಂದು, ಚುನಾವಣೆಯ ಬ್ಯಾನರು. ಎರಡೂ ಕಡೆ ರಾಜ ಕುದುರೆ ಮೇಲೆ ಕೂತಿರುತ್ತಾನೆ. ಕುದುರೆಗೆ ಹುಲ್ಲು ಹಾಕಿದವನು ಕಾಣುವುದಿಲ್ಲ.

ಆದ್ದರಿಂದ ಮೊದಲು ಕತೆಯನ್ನು ಸರಿಯಾಗಿ ಹೇಳೋಣ. ಜಗಳ ಆಮೇಲೆ ಮಾಡೋಣ.

ದಿಲ್ಲಿಗೆ ಎಲ್ಲರೂ ಒಂದೇ

ವಿಜಯನಗರ ಮುರಿದ ಮೇಲೆ ಕೃಷ್ಣೆ ಭೀಮೆಯರ ನಡುವಿನ ನಾಡಿನಲ್ಲಿ ಎದ್ದು ನಿಂತವರು ಬೇಡ ನಾಯಕರು. ಇವರು ಅಗ್ರಹಾರದಲ್ಲಿ ಹುಟ್ಟಿದವರಲ್ಲ, ಕುಲಗುರು ಬರೆದುಕೊಟ್ಟ ಸೂರ್ಯವಂಶ ಚಂದ್ರವಂಶದವರೂ ಅಲ್ಲ. ಬೇಟೆಯವರು, ಕೋಟೆ ಕಾಯುವವರು, ಬಂದೂಕದ ಗುರಿಯಲ್ಲಿ ಹೆಸರಾದವರು. ಸಗರ, ವಾಗಿನಗೇರಾ, ಸುರಪುರ ಇವರ ಠಾವುಗಳು. ನಮ್ಮ ದೇವದುರ್ಗದ ಕೋಟೆಯಲ್ಲೂ ಬೇಡ ನಾಯಕರೇ ಇದ್ದವರು.

1687ರಲ್ಲಿ ಬಿಜಾಪುರ, ಗೋಲ್ಕೊಂಡ ಎರಡೂ ಔರಂಗಜೇಬನ ಕೈಗೆ ಬಿದ್ದ ಮೇಲೆ ಸಗರವೂ ಬಿತ್ತು. ಅಲ್ಲಿನ ಪಾಮ ನಾಯಕ ಶರಣಾಗಿ ಬಾದಶಹನ ದರ್ಬಾರಿಗೆ ಹೋದ. ಅವನ ಕರಿ ಮೈ, ಅವನ ರೂಪ ಕಂಡು ದರ್ಬಾರಿನ ಮಂದಿ ನಕ್ಕರು. ಕೆಲವೇ ದಿನಗಳಲ್ಲಿ ಅವನು ಸತ್ತ. ಕೋಟೆ ಕಳೆದುಕೊಂಡದ್ದಕ್ಕೆ ಸತ್ತನೋ ಆ ನಗೆಗೆ ಸತ್ತನೋ ಬರೆದವರಿಲ್ಲ. ಆದರೆ ನಗೆ ಹೇಗಿರುತ್ತದೆ ಎಂಬುದು ನಮಗೆ ಗೊತ್ತು. ಕಾಲೇಜಿನ ಮೊದಲ ದಿನ ಹಾಜರಿ ಕೂಗುವಾಗ ನಮ್ಮ ಹೆಸರು ಕೇಳಿ ಹಿಂದಿನ ಬೆಂಚಿನಿಂದ ಬರುವ ನಗೆ ಅದೇ.

ಇನ್ನೊಂದು ಮಾತು ಕೇಳಿ. ಖಾಫಿ ಖಾನ್ ಎಂಬ ಮೊಗಲ್ ಚರಿತ್ರೆಕಾರ ಈ ನಾಯಕರ ಜಾತಿ ಬರೆಯುವಾಗ 'ಧೇಡ' ಎಂದು ಬರೆದ. ದಖ್ಖನಿನಲ್ಲಿ ಯಾರಿಗೆ ಆ ಶಬ್ದ ಎಸೆಯುತ್ತಾರೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ನಮ್ಮ ತಾತ ಮುತ್ತಾತರು ಸಂತೆಯಲ್ಲಿ, ಬಾವಿ ಕಟ್ಟೆಯಲ್ಲಿ, ತಹಸೀಲ್ ಕಚೇರಿಯ ಹೊಸ್ತಿಲಲ್ಲಿ ಕೇಳಿದ ಬೈಗುಳ ಅದು. ಸಗರದ ಒಡೆಯನಿಗೂ ಅದೇ ಬೈಗುಳ, ಊರ ಹೊರಗಿನ ನಮಗೂ ಅದೇ ಬೈಗುಳ. ನಮ್ಮೊಳಗೆ ನೂರು ಮೆಟ್ಟಿಲು ಇವೆ. ದಿಲ್ಲಿಯ ಗಾದಿಯ ಎತ್ತರದಿಂದ ನೋಡಿದವನಿಗೆ ನಾವೆಲ್ಲ ಒಂದೇ ಕೆಳಗಿನವರು. ಪಟಕ್ಕಾಗಿ ತಟ್ಟೆ ಎತ್ತಿದ ಎರಡೂ ಕಡೆಯವರು ಇದನ್ನು ಮೊದಲು ನೆನಪಿಡಬೇಕು.

1705ರಲ್ಲಿ ಔರಂಗಜೇಬ ತಾನೇ ವಾಗಿನಗೇರಾಕ್ಕೆ ಮುತ್ತಿಗೆ ಹಾಕಿದ. ಎಂಬತ್ತು ದಾಟಿದ ಮುದುಕ, ಹಿಂದೆ ಇಡೀ ಹಿಂದೂಸ್ಥಾನದ ದಂಡು. ಎದುರಿಗೆ ಪಿಡ್ಡ ನಾಯಕ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕೋಟೆ ನಿಂತಿತು. ಮರಾಠರೂ ನೆರವಿಗೆ ಬಂದರು. ಕಡೆಗೆ ಕೋಟೆ ಬಿದ್ದಾಗ ಒಳಗೆ ನಾಯಕ ಇರಲಿಲ್ಲ, ರಾತ್ರೋರಾತ್ರಿ ಪಾರಾಗಿದ್ದ. ಬಾದಶಹ ಹತ್ತಿರದ ದೇವಾಪುರದಲ್ಲಿ ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಮಲಗಿದ. ಅಲ್ಲಿಂದ ಅಹಮದನಗರಕ್ಕೆ ಹೋಗಿ 1707ರಲ್ಲಿ ಸತ್ತ. ಅವನ ಕಟ್ಟಕಡೆಯ ಮುತ್ತಿಗೆ ನಮ್ಮ ನೆರೆಯ ಈ ಗುಡ್ಡದ ಮೇಲೆ ನಡೆಯಿತು.

ಇದು ಸಣ್ಣ ಸಂಗತಿಯಲ್ಲ. ಇದರ ಬಗ್ಗೆ ನಾಯಕರ ಹುಡುಗ ಎದೆಯುಬ್ಬಿಸಿದರೆ ನಾನು ನಗುವುದಿಲ್ಲ. ಯಾರನ್ನು ಕಳ್ಳರು, ದರೋಡೆಕೋರರು ಎಂದು ಇನ್ನೊಬ್ಬರ ಪುಸ್ತಕಗಳಲ್ಲಿ ಬರೆದರೋ ಅವರಿಗೆ ಒಂದು ಪಟ ಬೇಕಾಗುತ್ತದೆ. ನಮಗೂ ಬೇಕಾಗಿತ್ತಲ್ಲ.

ಆದರೆ ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಆ ಮುತ್ತಿಗೆಯ ವಿವರದಲ್ಲಿ ಕೋಟೆಯ ಬುಡದ ಊರುಗಳ ಹೆಸರು ಬರುತ್ತವೆ. ಅದರಲ್ಲಿ ಒಂದು ಹೆಸರು 'ಧೇಡಪುರ'. ಮೊದಲ ಪೆಟ್ಟು ಬೀಳುವುದು ಕೋಟೆಯ ಬುರುಜಿಗಲ್ಲ, ಕೋಟೆಯ ಕೆಳಗಿನ ಇಂಥ ಊರಿಗೆ. ಅಲ್ಲಿ ಯಾರ ಗುಡಿಸಲು ಸುಟ್ಟವು, ಯಾರ ಹೆಂಗಸರು ಮಕ್ಕಳನ್ನು ಕಂಕುಳಲ್ಲಿ ಇರುಕಿಕೊಂಡು ಓಡಿದರು, ಎಷ್ಟು ಮಂದಿ ಸತ್ತರು? ಒಂದು ಸಾಲೂ ಇಲ್ಲ. ನಾಯಕ ಪಾರಾದದ್ದು ಚರಿತ್ರೆ. ಧೇಡಪುರ ಪಾರಾಯಿತೋ ಇಲ್ಲವೋ, ಅದು ಚರಿತ್ರೆಯಲ್ಲ.

'ಅಪ್ಪಾ' ಅನ್ನಿಸಿಕೊಂಡ ದೊರೆ

ಮುಂದೆ ಗಾದಿ ಸುರಪುರಕ್ಕೆ ಬಂತು. ಮೊಗಲರು ಹೋದರು, ಹೈದರಾಬಾದಿನ ನಿಜಾಮ ಬಂದ. ಒಂದು ಕಡೆ ನಿಜಾಮನಿಗೆ ಪೇಷ್ಕಶ್, ಇನ್ನೊಂದು ಕಡೆ ಮರಾಠರಿಗೆ ಚೌತ್, ಸಾಲದ್ದಕ್ಕೆ ಸಾಹುಕಾರರ ಸಾಲ. ಗಾದಿಗೆ ಹೊಸಬ ಬಂದಾಗಲೆಲ್ಲ ನಜರಾನಾ ಕೊಡಬೇಕು. ರಾಜ ಎಲ್ಲಿಂದ ಕೊಡುತ್ತಾನೆ? ಅವನೇನು ನೇಗಿಲು ಹಿಡಿದವನೆ? ಗೌಡ, ಕುಲಕರ್ಣಿಗಳ ಕೈಯಿಂದ ಹೊಲದವನ ಕಣಕ್ಕೆ ಬಂತು ಆ ಸಾಲ. ಕಣದಲ್ಲಿ ಜೋಳ ಕಮ್ಮಿಯಾದರೆ ಮೊದಲು ಕಮ್ಮಿಯಾಗುವುದು ಕಣದ ಅಂಚಿನಲ್ಲಿ ಉಡಿಯೊಡ್ಡಿ ನಿಂತವನ ಪಾಲು.

1841ರಲ್ಲಿ ಕಂಪನಿಯವರು ಮೆಡೋಸ್ ಟೇಲರ್ ಎಂಬ ಅಧಿಕಾರಿಯನ್ನು ಸುರಪುರಕ್ಕೆ ಕಳಿಸಿದರು. ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡ. ಮಗ ವೆಂಕಟಪ್ಪ ಇನ್ನೂ ಹುಡುಗ. ರಾಣಿ ಈಶ್ವರಮ್ಮ ಆಡಳಿತ ನೋಡಬೇಕಾಯಿತು. 1853ರವರೆಗೆ ನಿಜವಾದ ಕಾರುಬಾರು ಟೇಲರನದೇ. ಗುಡ್ಡದ ಮೇಲೆ ಬಂಗಲೆ ಕಟ್ಟಿಸಿದ. 'ಟೇಲರ್ ಮಂಜಿಲ್' ಅಂತ ಇವತ್ತಿಗೂ ಹೆಸರಿದೆ. ಬೋನಾಳ ಕೆರೆ ರಿಪೇರಿ ಮಾಡಿಸಿದ, ಲೆಕ್ಕಪತ್ರ ಸರಿಮಾಡಿದ, ಹಳೆಯ ಕಲ್ಲುಗೋರಿಗಳನ್ನು ಅಗೆಸಿ ಅದರ ಮೇಲೆ ಲೇಖನ ಬರೆದ. ಹುಡುಗ ರಾಜ ತನ್ನನ್ನು 'ಅಪ್ಪಾ' ಅನ್ನುತ್ತಿದ್ದ ಎಂದೂ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡ. ಅದು ಅಚ್ಚಾದದ್ದು ಅವನು ಸತ್ತ ಮೇಲೆ, 1877ರಲ್ಲಿ.

ಈಗಲೂ ಸುರಪುರದ ಕತೆ ಹೇಳುವವರು ಅರ್ಧ ಈ ಪುಸ್ತಕದಿಂದಲೇ ಹೇಳುವುದು. ಆದ್ದರಿಂದ ಒಂದು ಎಚ್ಚರಿಕೆ. ಗಾದಿ ಕಿತ್ತುಕೊಳ್ಳಲು ಬಂದವನು ಗಾದಿಯ ಚರಿತ್ರೆ ಬರೆದಿದ್ದಾನೆ. ಆಡಳಿತ ಹಿಡಿದ ವಿಧವೆ ರಾಣಿಯ ಬಗ್ಗೆ ಅವನಿಗೆ ಮುಖ್ಯವಾಗಿ ಕಂಡದ್ದು ಅವಳ ನಡತೆ. ಗಂಡಸು ರಾಜನಿಗೆ ಎಷ್ಟು ಮಂದಿ ಹೆಂಡಿರಿದ್ದರೂ ಅದು ರಾಜಮರ್ಯಾದೆ. ಹೆಂಗಸು ಕಾಗದಕ್ಕೆ ರುಜು ಹಾಕಿದರೆ ಅವಳ ಅಂತಃಪುರದ ಬಾಗಿಲಿಗೆ ಕಿವಿ! 'ದೊರೆ ಭಾಳ ಛಲೋ ಇದ್ದ' ಎಂದು ಹೇಳುವವರು ನಮ್ಮಲ್ಲೂ ಇದ್ದಾರೆ. ಛಲೋ ಇದ್ದಿರಬಹುದು. ಬಂಗಲೆಗೆ ಕಲ್ಲು ಹೊತ್ತವರಿಗೆ ಕೂಲಿ ಎಷ್ಟು ಕೊಟ್ಟ, ಹೊಲಗೇರಿಗೆ ಬಾವಿ ತೋಡಿಸಿದನೆ? ಕೇಳಬೇಕಾದ್ದು ಇದು.

1853ರಲ್ಲಿ ವೆಂಕಟಪ್ಪ ನಾಯಕ ಪಟ್ಟಕ್ಕೆ ಬಂದ. ಅದೇ ವರ್ಷ ನಿಜಾಮ ತನ್ನ ಸಾಲಕ್ಕೆ ಬದಲು ನಮ್ಮ ರಾಯಚೂರು ದೋಆಬನ್ನೇ ಕಂಪನಿಯ ಕೈಗೆ ಬರೆದುಕೊಟ್ಟ. ಗಮನಿಸಿರಿ, ಎತ್ತು ಒತ್ತೆ ಇಡುವ ಹಾಗೆ ನಾಡನ್ನು ಒತ್ತೆ ಇಟ್ಟರು. ರಾಯಚೂರು, ಮಾನ್ವಿ, ದೇವದುರ್ಗದ ಯಾವ ಬಡವನನ್ನೂ ಕೇಳಲಿಲ್ಲ.

1857ರ ಬಂಡಾಯ ಉತ್ತರದಲ್ಲಿ ಹತ್ತಿತು. 1858ರ ಫೆಬ್ರವರಿಯಲ್ಲಿ ಸುರಪುರ ಎದ್ದಿತು. ಲಿಂಗಸುಗೂರಿನ ಛಾವಣಿಯಿಂದ ಪಡೆ ಬಂತು. ರಾತ್ರಿ ಬೇಡರು ಮೇಲೆ ಬಿದ್ದರು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಎಂಬ ಅಧಿಕಾರಿ ಸತ್ತ. ಇನ್ನೂ ದೊಡ್ಡ ಪಡೆಗಳು ಬರುವ ಸುದ್ದಿ ತಿಳಿದು ರಾಜ ಹೈದರಾಬಾದಿಗೆ ಹೋದ. ನಿಜಾಮನ ದಿವಾನ ಸಾಲಾರ್ ಜಂಗ್ ಅವನನ್ನು ಬ್ರಿಟಿಷ್ ರೆಸಿಡೆಂಟನಿಗೆ ಒಪ್ಪಿಸಿದ. ವಿಚಾರಣೆ, ಮರಣದಂಡನೆ, ಆಮೇಲೆ ಶಿಕ್ಷೆ ಇಳಿಸಿ ಚೆಂಗಲ್‌ಪಟ್ಟಿನಲ್ಲಿ ನಾಲ್ಕು ವರ್ಷ ಸೆರೆ. ಅಲ್ಲಿಗೆ ಒಯ್ಯುವ ದಾರಿಯಲ್ಲಿ ಕಾವಲು ಅಧಿಕಾರಿಯ ಪಿಸ್ತೂಲಿನಿಂದ ತಾನೇ ಗುಂಡು ಹಾರಿಸಿಕೊಂಡ ಎಂದು ಸರ್ಕಾರಿ ಕಾಗದ ಹೇಳುತ್ತದೆ. ಸುರಪುರದ ಜನ ಇದನ್ನು ನಂಬಲಿಲ್ಲ, ಕೊಂದರು ಅಂತಾರೆ. ಪೊಲೀಸ್ ಕಾವಲಿನಲ್ಲಿ ಸತ್ತವರೆಲ್ಲ ತಾವಾಗಿಯೇ ಸತ್ತರು ಎಂದು ಬರೆಯುವುದು ಇವತ್ತಿನ ಹೊಸ ಪದ್ಧತಿಯಲ್ಲ. ಆಗ ಅವನಿಗೆ ಇಪ್ಪತ್ತನಾಲ್ಕರ ಆಸುಪಾಸು. ಇದನ್ನು ಓದುತ್ತಿರುವ ನಿಮ್ಮ ಅಣ್ಣಂದಿರ ವಯಸ್ಸು.

1860ರಲ್ಲಿ ಇಂಗ್ಲಿಷರು ಸುರಪುರವನ್ನು ನಿಜಾಮನಿಗೆ ಬಹುಮಾನವಾಗಿ ಕೊಟ್ಟರು. ಬಂಡಾಯದ ಕಾಲದಲ್ಲಿ ನಿಷ್ಠನಾಗಿ ಇದ್ದದ್ದಕ್ಕೆ ಇನಾಮು. ಜೊತೆಗೆ ರಾಯಚೂರು ದೋಆಬನ್ನೂ ಹಿಂದಕ್ಕೆ ಕೊಟ್ಟರು. ಸಂಸ್ಥಾನದ ಕತೆ ಅಲ್ಲಿಗೆ ಮುಗಿಯಿತು.

ಮುಗಿದದ್ದು ರಾಜನ ಕತೆ. ಕೇರಿಯ ಕತೆ?

ಬಂಡೆ ಎಳೆದವರು

ರಾಯಚೂರಿನಲ್ಲಿ ಓದುವ ಗೆಳೆಯರೆ, ನಿಮ್ಮ ಊರ ಕೋಟೆಯ ಗೋಡೆಯಲ್ಲಿ ನಲವತ್ತು ಅಡಿಗೂ ಉದ್ದದ ಒಂದೇ ಬಂಡೆ ಇದೆ. ಅದರ ಮೇಲೆ ಕಾಕತೀಯರ ಕಾಲದ, 1294ರ ತೆಲುಗು ಶಾಸನ. ಗೋರೆ ಗಂಗಯ್ಯ ರೆಡ್ಡಿಯ ಅಪ್ಪಣೆಯಂತೆ ವಿಠಲನಾಥ ಕೋಟೆ ಕಟ್ಟಿಸಿದ ಎಂದು ಹೇಳುವ ಶಾಸನ. ಚರಿತ್ರೆ ಮೇಷ್ಟರು ಇಷ್ಟು ಹೇಳುತ್ತಾರೆ. ಅದೇ ಗೋಡೆಯ ಮೇಲೆ ಇನ್ನೊಂದಿದೆ, ಅದನ್ನು ನೋಡಿ ಬನ್ನಿ. ಆ ಬಂಡೆಯನ್ನು ತಂದದ್ದು ಹೇಗೆ ಎಂದು ಗೀಚಿದ ಚಿತ್ರ. ಗಟ್ಟಿ ಚಕ್ರದ ಬಂಡಿ, ಅದಕ್ಕೆ ಸಾಲುಸಾಲಾಗಿ ಹೂಡಿದ ಕೋಣಗಳು, ನಡುನಡುವೆ ಹೊಡೆಯುವವರು, ಹಿಂದೆ ಚಕ್ರಕ್ಕೆ ಸನಿಕೆ ಕೊಟ್ಟು ದೂಡುವ ಮನುಷ್ಯರು.

ಮಾಡಿಸಿದವನ ಹೆಸರು ಅಕ್ಷರದಲ್ಲಿದೆ, ದೂಡಿದವರು ಗೆರೆಯಲ್ಲಿದ್ದಾರೆ. ಅವರ ಕೆಳಗೆ ಹೆಸರಿಲ್ಲ.

ಆ ಕೋಟೆಗಾಗಿ ಬಹಮನಿಯವರು, ವಿಜಯನಗರದವರು, ಬಿಜಾಪುರದವರು ಹೊಡೆದಾಡಿದರು. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್‌ಶಹನಿಂದ ಕಿತ್ತುಕೊಂಡ. ಇಷ್ಟು ಗಾದಿ ಬದಲಾದವು. ಬಂಡೆ ದೂಡುವವರು ಬದಲಾದರೆ? ಅದೇ ನನ್ನ ತಕರಾರು.

ನನ್ನ ಅವ್ವನ ಅವ್ವ ದೇವದುರ್ಗ ತಾಲ್ಲೂಕಿನ ಒಂದು ಹೊಳೆದಂಡೆ ಊರಿನವಳು. ಅವಳಿಗೆ ರಾಜರ ಕತೆ ಗೊತ್ತಿಲ್ಲ. "ಸುರಪುರದ ರಾಜನ ಬಗ್ಗೆ ಏನು ಕೇಳಿದ್ದಿ?" ಅಂತ ಒಮ್ಮೆ ಕೇಳಿದೆ. "ರಾಜ ನಮ್ಮ ಕೇರಿಗಿ ಯಾವಾಗ ಬಂದಿದ್ದನಪ್ಪ? ಬಂದವರು ಅವರ ಆಳು. ಆಳು ಬಂದ ಅಂದ್ರ ನಮ್ಮವ್ವ ಕೋಳಿ ಹಿಡದು ಗುಮ್ಮಿಯಾಗ ಇಡತಿದ್ಳಂತ" ಅಂದಳು. ನಿಜಾಮನ ಕಾಲದ ಮಾತು ಅದು, ಅವಳ ತಾಯಿ ಕಂಡದ್ದು. ಊರಿಗೆ ಅಮಲ್ದಾರ ಬಂದರೆ ಅವನ ಕುದುರೆಗೆ ಹುಲ್ಲು, ಅವನ ಒಲೆಗೆ ಕಟ್ಟಿಗೆ, ಅವನ ಸಾಮಾನಿಗೆ ಹೆಗಲು ಎಲ್ಲ ನಮ್ಮ ಕೇರಿಯದು. ಅದಕ್ಕೆ ವೆಟ್ಟಿ ಎಂದು ಹೆಸರು. ಕೂಲಿ ಕೇಳಿದರೆ ಚಬಕ. ಗೌಡರ ವಾಡೆ ಮುಂದೆ ಹೋಗುವಾಗ ಕೆರ ಕೈಯಲ್ಲಿ. ಊರ ಸತ್ತ ದನ ಎಳೆಯಬೇಕು, ಊರ ಹಬ್ಬಕ್ಕೆ ಹಲಗೆ ಹೊಡೆಯಬೇಕು, ಊರ ಸಾವಿಗೆ ಹತ್ತು ಹರದಾರಿ ಓಡಿ ಸುದ್ದಿ ಮುಟ್ಟಿಸಬೇಕು. "ನಿನ್ನ ಮುತ್ಯಾ ಓದಿದವನಲ್ಲ, ಆದರ ಎಲ್ಲ ಊರಿನ ಹಾದಿ ಅವನಿಗಿ ಬರತಿತ್ತು" ಅಂದಳು. ಹೆಮ್ಮೆಯಿಂದ ಅಂದಳು. ನನಗೆ ಹೊಟ್ಟೆ ತೊಳಸಿತು. ಯಾರದೋ ಹೆಣದ ಸುದ್ದಿ ಹೊತ್ತು ಓಡಿ ಓಡಿ ಕಲಿತ ಭೂಗೋಳ ಅದು.

ಈಗ ಹೇಳಿ. ಸುರಪುರ 1858ರಲ್ಲಿ ಬಿತ್ತು ಅಂತೀವಿ. 1857ರಲ್ಲಿ ವೆಟ್ಟಿ ಇತ್ತು, 1859ರಲ್ಲಿ ವೆಟ್ಟಿ ಇತ್ತು. ಬೇಡ ರಾಜನ ಹೆಸರಿನಲ್ಲಿ ಹೊತ್ತದ್ದು, ಆಮೇಲೆ ಕಂಪನಿಯ ಹೆಸರಿನಲ್ಲಿ ಹೊತ್ತದ್ದು, ಆಮೇಲೆ ನಿಜಾಮನ ಹೆಸರಿನಲ್ಲಿ ಹೊತ್ತದ್ದು. ಹೆಗಲು ಅದೇ.

ಮೂರು ವಾದಗಳಿಗೆ ಉತ್ತರ

ಒಂದನೇ ವಾದ: "ರಾಜರ ಕಾಲದಲ್ಲಿ ಎಲ್ಲ ಜಾತಿಯವರು ಅಣ್ಣತಮ್ಮಂದಿರ ಹಾಗೆ ಇದ್ದರು, ಜಾತಿ ಜಗಳ ಈಗ ಬಂದದ್ದು." ಇದನ್ನು ಒಂದು ಜಯಂತಿಯ ವೇದಿಕೆಯಲ್ಲಿ ನನ್ನ ಕಿವಿಯಾರೆ ಕೇಳಿದೆ. ಅಣ್ಣತಮ್ಮಂದಿರು ಒಂದೇ ಬಾವಿಯ ನೀರು ಕುಡಿಯುತ್ತಾರೆ. ಜಗಳ ಇರಲಿಲ್ಲ, ನಿಜ. ಬಾಯಿ ಕಟ್ಟಿದ ಎತ್ತು ಯಾವತ್ತು ಜಗಳ ಮಾಡಿದೆ?

ಎರಡನೇ ವಾದ: "ರಾಜರೆಲ್ಲ ಒಂದೇ, ಎಲ್ಲರಿಗೂ ಧಿಕ್ಕಾರ." ಇದು ನಮ್ಮ ಹುಡುಗರ ವಾದ. ಚಪ್ಪಾಳೆ ಬೀಳುತ್ತದೆ, ಆದರೆ ಸೋಮಾರಿ ವಾದ. ಕೊಲ್ಹಾಪುರದ ಶಾಹು ಮಹಾರಾಜರು 1902ರಲ್ಲಿ ತಮ್ಮ ಸಂಸ್ಥಾನದ ನೌಕರಿಗಳಲ್ಲಿ ನೂರಕ್ಕೆ 50 ಹಿಂದುಳಿದವರಿಗೆ ಎಂದು ಆಜ್ಞೆ ಮಾಡಿದರು. 1920ರ ಮಾಣಗಾಂವ್ ಪರಿಷತ್ತಿಗೆ ತಾವೇ ಬಂದು ಯುವಕ ಅಂಬೇಡ್ಕರರನ್ನು ನಿಮ್ಮ ನಾಯಕ ಎಂದು ತೋರಿಸಿದರು. ಬಡೋದೆಯ ಸಯಾಜಿರಾಯರ ವಿದ್ಯಾರ್ಥಿವೇತನದಿಂದ ಅಂಬೇಡ್ಕರ್ ಅಮೆರಿಕಕ್ಕೆ ಹೋದರು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜರ ಕಾಲದಲ್ಲಿ 1918ರಲ್ಲಿ ಮಿಲ್ಲರ್ ಸಮಿತಿ ಕೂತಿತು. ಅಂದರೆ ಗಾದಿಯ ಮೇಲೆ ಕೂತವನು ಮಾಡಬಹುದಾದ ಕೆಲಸ ಇತ್ತು. ಕೆಲವರು ಮಾಡಿದರು. ಆದ್ದರಿಂದಲೇ ಉಳಿದವರನ್ನು ಕೇಳುವ ಹಕ್ಕು ನಮಗಿದೆ: ನೀವು ಯಾಕೆ ಮಾಡಲಿಲ್ಲ? ಪರಕೀಯರ ಎದುರು ಕತ್ತಿ ಎತ್ತಿದ್ದು ದೊಡ್ಡದು. ತನ್ನ ಊರ ಬಾವಿಯ ಕಟ್ಟೆ ಎಲ್ಲರಿಗೂ ಬಿಟ್ಟುಕೊಡುವುದು ಅದಕ್ಕಿಂತ ಸಣ್ಣ ಧೈರ್ಯವೇನಲ್ಲ.

ಮೂರನೇ ವಾದ: "ನಿಜಾಮ ಹೋದ, 1948ರಲ್ಲಿ ನಮಗೆ ವಿಮೋಚನೆ ಆಯಿತು." ಈ ಮಾತನ್ನು ಪ್ರತಿ ಸೆಪ್ಟೆಂಬರ್ 17ಕ್ಕೆ ಧ್ವಜದ ಕೆಳಗೆ ಕೇಳುತ್ತೇವೆ. ನಿಜಾಮನ ರಾಜ್ಯದಲ್ಲಿ ಹೆಚ್ಚು ಕಡಿಮೆ ನೂರಕ್ಕೆ 30 ಪಾಲು ಭೂಮಿ ಜಾಗೀರು, 10 ಪಾಲು ನಿಜಾಮನ ಸ್ವಂತ ಸರ್ಫ್-ಎ-ಖಾಸ್. ಅಂಥ ಆಡಳಿತ ಹೋಗಲೇಬೇಕಿತ್ತು. 1947ರಲ್ಲಿ ಹೈದರಾಬಾದ್ ಸ್ವತಂತ್ರ ರಾಜ್ಯವಾಗುತ್ತೇನೆ ಅಂದಾಗ ಅಂಬೇಡ್ಕರ್ ಬಲವಾಗಿ ವಿರೋಧಿಸಿದರು. ಹೈದರಾಬಾದಿನ ಪರಿಶಿಷ್ಟರು ನಿಜಾಮನ ಪಕ್ಷ ಹಿಡಿಯಬಾರದು ಎಂದು ಅದೇ ವರ್ಷ ನವೆಂಬರಿನಲ್ಲಿ ಬಹಿರಂಗ ಹೇಳಿಕೆ ಕೊಟ್ಟರು. ನಮ್ಮವರಲ್ಲೇ ಇನ್ನೊಂದು ಹಾದಿಯೂ ಇತ್ತು. ಬಿ. ಶ್ಯಾಮಸುಂದರ್ 1948ರಲ್ಲಿ ನಿಜಾಮನ ನಿಯೋಗದಲ್ಲಿ ವಿಶ್ವಸಂಸ್ಥೆಗೆ ಹೋದವರು. ಅದೇ ಶ್ಯಾಮಸುಂದರ್ 1968ರಲ್ಲಿ ಗುಲಬರ್ಗಾದಲ್ಲಿ ಭೀಮಸೇನೆ ಕಟ್ಟಿದರು. ಇದನ್ನು ಮುಚ್ಚಿಡಬಾರದು, ಚರ್ಚೆ ಮಾಡಬೇಕು. ಆದರೆ ಪ್ರಶ್ನೆ ಉಳಿಯುತ್ತದೆ: 1948ರ ಸೆಪ್ಟೆಂಬರಿನಲ್ಲಿ ವಿಮೋಚನೆಯಾದದ್ದು ಯಾರಿಗೆ? 1949ರಲ್ಲಿ ಜಾಗೀರು ರದ್ದಾಯಿತು, ಜಾಗೀರುದಾರರಿಗೆ ಪರಿಹಾರ ಸಿಕ್ಕಿತು. ನಿಜಾಮ 1950ರಿಂದ 1956ರವರೆಗೆ ರಾಜಪ್ರಮುಖನಾಗಿ ಕೂತ. ವೆಟ್ಟಿ ಹೊತ್ತ ಹೆಗಲಿಗೆ ಪರಿಹಾರ ಕೊಡಲು ಯಾವ ಇಲಾಖೆಯಲ್ಲೂ ಫಾರಂ ಇರಲಿಲ್ಲ.

ಗಾದಿ ಹೋಗಿ ವಾಡೆ ಉಳಿಯಿತು

1956ರಲ್ಲಿ ನಾವು ಕನ್ನಡ ರಾಜ್ಯಕ್ಕೆ ಬಂದೆವು. ಹಳ್ಳಿಯ ಗೌಡಿಕೆ, ಕುಲಕರ್ಣಿಕೆ, ತಳವಾರಿಕೆಗಳನ್ನು ರದ್ದು ಮಾಡುವ ಕಾಯ್ದೆ 1961ರಲ್ಲಿ ಆಗಿ 1963ರಲ್ಲಿ ಜಾರಿಗೆ ಬಂತು. ಚಾಕರಿ ಹೋಯಿತು, ಚಾಕರಿಯ ಇನಾಮು ಭೂಮಿ ಹಿಡುವಳಿದಾರನ ಹೆಸರಿಗೆ ಮರುಮಂಜೂರು ಆಗಬೇಕಿತ್ತು. ಕಾನೂನು ಓದಬಲ್ಲ ಗೌಡ, ಕುಲಕರ್ಣಿಗಳು ತಮ್ಮದನ್ನು ಮಾಡಿಸಿಕೊಂಡರು. ಹಲಗೆ ಹೊಡೆಯುವವನಿಗೆ ಕಚೇರಿಯ ಬಾಗಿಲು ಯಾವ ಕಡೆ ಎಂಬುದೇ ಗೊತ್ತಿರಲಿಲ್ಲ. 1974ರ ಭೂಸುಧಾರಣೆ ಉಳುವವನಿಗೆ ಭೂಮಿ ಅಂದಿತು. ನಮ್ಮವರಲ್ಲಿ ಹೆಚ್ಚಿನವರು ಗೇಣಿದಾರರೂ ಅಲ್ಲ, ಬರೀ ಕೂಲಿಯಾಳುಗಳು. ಗೇಣಿ ಚೀಟಿ ಇಲ್ಲದವನಿಗೆ ಏನು ಸಿಕ್ಕೀತು?

ಇತ್ತ ತುಂಗಭದ್ರೆಯ ಎಡದಂಡೆ ಕಾಲುವೆ ಮಾನ್ವಿಗೆ ಬಂತು, ನಾರಾಯಣಪುರದ ಬಲದಂಡೆ ಕಾಲುವೆ ದೇವದುರ್ಗಕ್ಕೆ ಬಂತು. ನೀರು ಬರುವ ಸುದ್ದಿ ನೀರಿಗಿಂತ ಮುಂಚೆ ಬರುತ್ತದೆ, ಆದರೆ ಕೇರಿಗೆ ಬರುವುದಿಲ್ಲ. ಕಲ್ಲುಹೊಲ, ಕರಲುಹೊಲ ಎಂದು ನಮ್ಮವರಿಗೆ ಬಿಟ್ಟ ತುಂಡುಗಳು ಒಂದು ಮದುವೆಗೆ, ಒಂದು ಕಾಯಿಲೆಗೆ, ಎರಡು ಚೀಲ ಜೋಳಕ್ಕೆ ಕೈಬಿಟ್ಟವು. ಈಗ ಅದೇ ಹೊಲದಲ್ಲಿ ಭತ್ತ ನಾಟಿ ಮಾಡಲು ನಮ್ಮ ತಂಗಿಯರು ಟ್ರ್ಯಾಕ್ಸಿನಲ್ಲಿ ಕೂಲಿಗೆ ಹೋಗುತ್ತಾರೆ. 1978ರಲ್ಲಿ ಸರ್ಕಾರ ಪರಿಶಿಷ್ಟರಿಗೆ ಮಂಜೂರಾದ ಭೂಮಿಯ ಪರಭಾರೆ ನಿಷೇಧ ಕಾಯ್ದೆ ತಂದಿತು. ತಡವಾಗಿ ಬಂದಿರಿ ಎಂದು ಹೇಳಿ ನಮ್ಮ ಅರ್ಜಿಗಳನ್ನು ತಳ್ಳಿಹಾಕುವುದು ಶುರುವಾದಾಗ 2023ರಲ್ಲಿ ಕಾಲಮಿತಿ ಇಲ್ಲವೆಂದು ತಿದ್ದುಪಡಿ ಮಾಡಬೇಕಾಯಿತು. ಆ ಕಾಯ್ದೆಯನ್ನು ಎಷ್ಟು ಮಂದಿ ಓದಿದ್ದೀರಿ? ರಾಜನ ಪಟಕ್ಕೆ ಹುಬ್ಬು ಒಡೆದುಕೊಂಡವರು ಕೈ ಎತ್ತಿ.

ನಾಯಕರ ತಮ್ಮಂದಿರೆ, ಈ ಮಾತು ನಿಮಗೂ. 1991ರಲ್ಲಿ ಬೇಡ, ನಾಯಕ, ವಾಲ್ಮೀಕಿ ಹೆಸರುಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವು. 2008ರಿಂದ ದೇವದುರ್ಗ, ಮಾನ್ವಿ, ಸುರಪುರ ವಿಧಾನಸಭೆ ಕ್ಷೇತ್ರಗಳು ನಿಮ್ಮ ಮೀಸಲು. ಕ್ಷೇತ್ರ ಬಂತು, ಪಟವೂ ಬಂತು. ಹತ್ತಿ ಹೊಲಕ್ಕೆ ಹೋಗುವ ನಿಮ್ಮ ಅವ್ವನ ಕೂಲಿ ಏರಿತೆ? ರಾಜನ ರಕ್ತ ನಿಮ್ಮಲ್ಲಿ ಹರಿಯುತ್ತದೆ ಎಂದು ಹೇಳಿ ಮೆರವಣಿಗೆಗೆ ಕರೆಯುವವರು ಮೆರವಣಿಗೆ ಮುಗಿದ ಮೇಲೆ ನಿಮ್ಮನ್ನು ಯಾವ ಪಂಕ್ತಿಯಲ್ಲಿ ಕೂಡಿಸುತ್ತಾರೆ, ನೋಡಿಕೊಳ್ಳಿ. ಇನ್ನೊಂದು ಕಹಿ ಮಾತು. ಎಷ್ಟೋ ಊರಲ್ಲಿ ನಮ್ಮ ಹುಡುಗ ಹೋಟೆಲಿನೊಳಗೆ ಚಹಾ ಕುಡಿದದ್ದಕ್ಕೆ ಕೋಲು ಹಿಡಿದು ಬಂದವರಲ್ಲಿ ನಿಮ್ಮವರೂ ಇದ್ದರು. ಕೋಲು ಕೊಟ್ಟು ಕಳಿಸಿದವನು ಹಿಂದೆ ವಾಡೆಯಲ್ಲಿ ಕೂತಿದ್ದ. ಪಾಮ ನಾಯಕನನ್ನು ನೋಡಿ ನಕ್ಕ ದರ್ಬಾರು ಅದೇ. ಅದರ ಕಾವಲಿಗೆ ನೀವು ನಿಲ್ಲಬೇಡಿ.

ನಮ್ಮ ಕೇರಿಯ ತಮ್ಮಂದಿರೆ, ನಿಮಗೂ ಒಂದು ಮಾತು. ಪಟ ಕಿತ್ತದ್ದು ತಪ್ಪು. ಅಂಬೇಡ್ಕರ್ ಪಟ ಗೋಡೆ ಮೇಲಿದೆ, ಅವರ ಪುಸ್ತಕ ಹಾಸ್ಟೆಲಿನ ಬೀರುವಿನೊಳಗೆ ಬೀಗದಲ್ಲಿದೆ. ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿದರೆ ಒಬ್ಬನಿಗೂ ಗೊತ್ತಿರಲಿಲ್ಲ. ಪಟಕ್ಕೆ ಊದುಬತ್ತಿ ಹಚ್ಚಿ ಕೈಮುಗಿದರೆ ಅವರನ್ನೂ ಒಬ್ಬ ರಾಜನನ್ನಾಗಿ ಮಾಡಿದ ಹಾಗೆ. ಅವರು ಗಾದಿ ಏರಿದವರಲ್ಲ, ಓದಿದವರು.

ಮಾಡಬೇಕಾದ ಕೆಲಸ

ಭಾಷಣ ಸಾಕು. ನಾಲ್ಕು ಕೆಲಸ ಹೇಳುತ್ತೇನೆ. ಎರಡೂ ಗುಂಪು ಕೂಡಿ ಮಾಡಬೇಕು.

1. ರಜೆಗೆ ಊರಿಗೆ ಹೋದಾಗ ಒಂದು ನೋಟ್‌ಬುಕ್ಕು ಒಯ್ಯಿರಿ. ನಿಮ್ಮ ಅಜ್ಜಿ, ಮುತ್ಯಾ ಬದುಕಿದ್ದರೆ ಕೂಡಿಸಿ ಕೇಳಿ. ವೆಟ್ಟಿ ಯಾರಿಗೆ ಮಾಡಿದಿರಿ, ಏನು ಕೊಟ್ಟರು, ಯಾವ ಬಾವಿಯ ನೀರು ಕುಡಿದಿರಿ? ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ, ಗ್ರಂಥಭಾಷೆಗೆ ತಿರುಗಿಸಬೇಡಿ. ಅವರು ಹೋದರೆ ಆ ಪುಸ್ತಕ ಮತ್ತೆ ಅಚ್ಚಾಗುವುದಿಲ್ಲ.

2. ತಾಲ್ಲೂಕು ಕಚೇರಿಗೆ ಹೋಗಿ ನಿಮ್ಮ ಊರಿನ ಸೇತ್ವಾರ್, 1954-55ರ ಖಾಸ್ರಾ ಪಹಣಿ, ಇನಾಮು ಕಾಗದಗಳ ನಕಲು ಕೇಳಿ. ಉರ್ದು ಇದ್ದರೆ ಓದಬಲ್ಲ ಹಿರಿಯರು ಪ್ರತಿ ಊರಲ್ಲೂ ಇದ್ದಾರೆ, ಅವರ ಕಾಲ ಬುಡಕ್ಕೆ ಕೂತು ಓದಿಸಿಕೊಳ್ಳಿ. ಯಾವ ಸರ್ವೆ ನಂಬರು ಯಾರ ಹೆಸರಿನಿಂದ ಯಾರ ಹೆಸರಿಗೆ ಹಾರಿತು ಬರೆಯಿರಿ. ಸಂಸ್ಥಾನದ ನಿಜವಾದ ಚರಿತ್ರೆ ಅಲ್ಲಿ ಬಿದ್ದಿದೆ.

3. ರಾಯಚೂರಿನವರು ಭಾನುವಾರ ಎಲ್ಲರೂ ಕೂಡಿ ಕೋಟೆಗೆ ಹೋಗಿ. ಶಾಸನವನ್ನೂ ನೋಡಿ, ಬಂಡಿ ದೂಡುವವರನ್ನೂ ನೋಡಿ.

4. ಆ ಹಾಸ್ಟೆಲಿನ ಗೋಡೆಗೆ ವೆಂಕಟಪ್ಪ ನಾಯಕನ ಪಟ ಮತ್ತೆ ಹಾಕಿ. ಓದುವ ಕೋಣೆಯಲ್ಲಿ ಹಾಕಿ, ಹಾರ ಬೇಡ. ಕೆಳಗೆ ಅವನು ಹೋರಾಡಿದ ವರ್ಷ ಬರೆಯಿರಿ, ಸತ್ತ ರೀತಿ ಬರೆಯಿರಿ. ಅದರ ಕೆಳಗೆ ಈ ಪ್ರಶ್ನೆ ಬರೆಯಿರಿ: ಇವನ ಕೋಟೆಯ ಬುಡದ ಊರಿನಲ್ಲಿದ್ದವರು ಯಾರು?

ಹುಬ್ಬು ಒಡೆದ ಹುಡುಗನ ಹೊಲಿಗೆ ಬಿಚ್ಚಿದ್ದಾರೆ. ಮೊನ್ನೆ ಸಿಕ್ಕಿದ್ದ. ಅವನ ಮೇಲೆ ತಟ್ಟೆ ಎಸೆದವನೇ ಆಸ್ಪತ್ರೆಗೆ ಸೈಕಲ್ ಮೇಲೆ ಕೂಡಿಸಿಕೊಂಡು ಹೋಗಿದ್ದನಂತೆ. "ಅಣ್ಣ, ಅವರಜ್ಜನೂ ನಮ್ಮಜ್ಜನೂ ಒಂದೇ ಗೌಡನ ಮನ್ಯಾಗ ಜೀತ ಇದ್ರಂತ. ಹಾದ್ಯಾಗ ಗೊತ್ತಾತು" ಅಂದ.

ಯಾವ ಪುಸ್ತಕದಲ್ಲೂ ಇಲ್ಲದ ಚರಿತ್ರೆ ಅದು. ಮೊದಲು ಅದನ್ನು ಬರೆಯಿರಿ.